ಡೇಟಾಬೇಸ್ ಪಾಠ ಅರ್ಥವಾಗುತ್ತಿಲ್ಲ, ಮನೆಯಲ್ಲಿ ಹೇಳಲೂ ಆಗುತ್ತಿಲ್ಲ

ಹುಡುಗನಿಗೆ 26 ವರ್ಷ. ಶಿವಮೊಗ್ಗ ಕಡೆಯವನು. ಮೆಕ್ಯಾನಿಕಲ್‌ನಲ್ಲಿ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಐಟಿ ಸಪೋರ್ಟ್ ಕೆಲಸ ಮಾಡಿ, ಇನ್ಫರ್ಮೇಶನ್ ಸಿಸ್ಟಮ್ಸ್‌ನಲ್ಲಿ ಎಂಎಸ್ ಮಾಡಲು ಅಮೆರಿಕಕ್ಕೆ ಹೋದ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ಮೊದಲ ಸೆಮಿಸ್ಟರ್ ಅರ್ಧ ಕಳೆದಿತ್ತು. ಆಪ್ತಸಲಹೆಗಾರ್ತಿಯಾದ ನನಗೆ ಫೋನ್ ಮಾಡಿದ್ದು ಅವನ ಅಕ್ಕ. "ಎಲ್ಲಾ ಚೆನ್ನಾಗಿದೆ ಅಂತಾನೆ ಮೇಡಂ, ಆದ್ರೆ ವಿಡಿಯೊ ಆನ್ ಮಾಡಲ್ಲ" ಎಂದರು. ಆಕೆಯ ಮಾತಿಗೇ ಒಪ್ಪಿ ಅವನು ನನ್ನ ಜೊತೆ ಕೂತ. ನಮ್ಮ ಬೆಳಗ್ಗೆ ಏಳೂವರೆ, ಅವನಿಗೆ ಹಿಂದಿನ ರಾತ್ರಿ ಒಂಬತ್ತು.

ನಿದ್ದೆ, ಊಟದಿಂದ ಶುರು ಮಾಡಿದೆ. ಮಲಗುವುದು ಮೂರು ಗಂಟೆಗೆ, ಬೆಳಗಿನ ಕ್ಲಾಸ್ ತಪ್ಪುತ್ತಿದೆ, ದಿನಕ್ಕೆ ಒಂದೇ ಊಟ. "ಬೆಳಗ್ಗೆ ಏಳೋದೇ ಬೇಡ ಅನ್ಸುತ್ತೆ" ಎಂದ. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದ. ಹಾಗೆ ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂದು ಮನೆಯವರು ಹೆದರುತ್ತಾರೆ; ಹಾಗೇನೂ ಆಗುವುದಿಲ್ಲ, ಕೇಳಬೇಕು. ರಾತ್ರಿ ತೀರಾ ಕಷ್ಟವಾದರೆ ಅಲ್ಲಿಯ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು, ಮೆಸೇಜ್ ಕೂಡ ಕಳಿಸಬಹುದು ಎಂದು ಹೇಳಿ, ನಂಬರನ್ನು ಫೋನಿನಲ್ಲಿ ಉಳಿಸಿಸಿದೆ. ಅಕ್ಕನಿಗೆ ಇಲ್ಲಿಯ ಟೆಲಿ-ಮಾನಸ್ ಸಹಾಯವಾಣಿ 14416 ಕೊಟ್ಟೆ.

ಅವನನ್ನು ತಿನ್ನುತ್ತಿದ್ದದ್ದು ಸಾಲ. ಮನೆ ಅಡವಿಟ್ಟು 35 ಲಕ್ಷ ಮಂಜೂರಾಗಿತ್ತು, ಬಡ್ಡಿ ಶೇ 10.5. ತಿಂಗಳಿಗೆ 30 ಸಾವಿರ ಬರೀ ಬಡ್ಡಿ ಎಂದು ದಿನಾ ಲೆಕ್ಕ ಹಾಕುತ್ತಿದ್ದ. ಬ್ಯಾಂಕ್ ಇದುವರೆಗೆ ಎಷ್ಟು ಕೊಟ್ಟಿದೆ ಎಂದು ಕೇಳಿದೆ. 12 ಲಕ್ಷ. ಹಾಗಾದರೆ ಬಡ್ಡಿ ಓಡುತ್ತಿರುವುದು 12 ಲಕ್ಷಕ್ಕೆ ಮಾತ್ರ, ತಿಂಗಳಿಗೆ 10,500. ಕಂತು ಕಟ್ಟುವುದು ಕೋರ್ಸ್ ಮುಗಿದು ಒಂದು ವರ್ಷವಾದ ಮೇಲೆ ಎಂದು ಅವನ ಸಾಲದ ಪತ್ರದಲ್ಲೇ ಇತ್ತು. ಇದು ಸಮಾಧಾನದ ಮಾತಲ್ಲ, ಸಾಲ ಸಾಲವೇ. ಆದರೆ ಇಲ್ಲದ ಹೊರೆಯನ್ನೂ ಸೇರಿಸಿ ಹೊತ್ತರೆ ಓದುವುದು ಹೇಗೆ?

ಆಮೇಲೆ ಪಾಠಕ್ಕೆ ಬಂದೆವು. ಮೂರು ವಿಷಯ, ಒಟ್ಟು ಒಂಬತ್ತು ಕ್ರೆಡಿಟ್ (ಓದಿನ ಹೊರೆ ಅಳೆಯುವ ಲೆಕ್ಕ). ಅಂಕಿಅಂಶ ಮತ್ತು ಸಿಸ್ಟಮ್ಸ್ ಅನಾಲಿಸಿಸ್ ಹೇಗೋ ನಡೆಯುತ್ತಿವೆ. ಡೇಟಾಬೇಸ್ ಮಿಡ್‌ಟರ್ಮ್‌ನಲ್ಲಿ ನೂರಕ್ಕೆ 41. ರೂಮಿನಲ್ಲಿ ಇರುವವರೆಲ್ಲ ಕಂಪ್ಯೂಟರ್ ಸೈನ್ಸ್‌ನವರು. "ನಿನ್ನದು ಸುಲಭದ ಕೋರ್ಸ್" ಎಂದು ಅವರು ಹೇಳುತ್ತಿದ್ದರು. ಸುಲಭದ್ದೇ ಬರಲ್ಲ ಅಂದ್ರೆ ನನಗೆ ತಲೆಯೇ ಇಲ್ಲ ಎಂದು ಇವನು ತೀರ್ಮಾನಿಸಿದ್ದ.

ಈ 'ಸುಲಭದ ಕೋರ್ಸ್' ಎಂಬ ಮಾತು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಇನ್ಫರ್ಮೇಶನ್ ಸಿಸ್ಟಮ್ಸ್ ಕಂಪ್ಯೂಟರ್ ಸೈನ್ಸ್‌ನ ಬಡ ತಮ್ಮನಲ್ಲ. ಒಂದು ವ್ಯವಹಾರದಲ್ಲಿ ಯಾವ ಮಾಹಿತಿ ಎಲ್ಲಿ ಹುಟ್ಟುತ್ತದೆ, ಯಾರ ಕೈಗೆ ಹೋಗಬೇಕು, ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಕಲಿಸುವ ಬೇರೆಯದೇ ವಿದ್ಯೆ. ಅರಿಝೋನಾ ವಿಶ್ವವಿದ್ಯಾಲಯದಲ್ಲಿ ಈ ಕೋರ್ಸ್ ಇರುವುದು ಎಲ್ಲರ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ. ಬೇರೆ ಎಷ್ಟೋ ಕಡೆಯೂ ಬಿಸಿನೆಸ್ ಸ್ಕೂಲಿನಲ್ಲೇ ಇದೆ.

ಡೇಟಾಬೇಸ್‌ನಲ್ಲಿ ಯಾವುದು ಕಷ್ಟ ಎಂದೆ. ನಾರ್ಮಲೈಸೇಶನ್ ಎಂದು ಹೇಳಿ ಸ್ಲೈಡ್ ನೋಡಿಕೊಂಡು ಓದತೊಡಗಿದ. ತಡೆದೆ. "ನಿಮ್ಮ ತಂದೆ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಾರಲ್ವಾ? ಆ ಪುಸ್ತಕದಲ್ಲಿ ಏನೇನಿರುತ್ತೆ?"

ದನಿಯೇ ಬದಲಾಯಿತು. ರೈತರ ಹೆಸರು, ಊರು, ಫೋನ್ ನಂಬರ್, ಎಷ್ಟು ಚೀಲ, ತೂಕ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ, ಟೆಂಡರ್ ದರ, ಯಾರು ಖರೀದಿಸಿದರು, ಹಮಾಲಿ ಎಷ್ಟು. ಪಟಪಟ ಹೇಳಿದ.

"ಒಬ್ಬರೇ ರೈತರು ವರ್ಷದಲ್ಲಿ ಹತ್ತು ಸಲ ಅಡಿಕೆ ತಂದರೆ?"

"ಹತ್ತು ಸಲವೂ ಹೆಸರು, ಊರು, ನಂಬರ್ ಬರೀಬೇಕು."

"ನಡುವೆ ನಂಬರ್ ಬದಲಾದರೆ?"

ಸ್ವಲ್ಪ ಸುಮ್ಮನಾದ. "ಹತ್ತು ಕಡೆ ತಿದ್ದಬೇಕು. ರೈತರದ್ದೇ ಬೇರೆ ಟೇಬಲ್ ಮಾಡಿ, ಪ್ರತಿ ಸಲ ತಂದ ಲಾಟಿನ ಟೇಬಲ್‌ಗೆ ಅವರ ಐಡಿ ಮಾತ್ರ ಹಾಕಿದ್ರೆ ಒಂದು ಕಡೆ ತಿದ್ದಿದ್ರೆ ಸಾಕು." ತಕ್ಷಣವೇ, "ಇದೇ ಅಲ್ವಾ ಮೇಡಂ ನಾರ್ಮಲೈಸೇಶನ್!"

ತಲೆ ಇಲ್ಲ ಎಂಬ ಮಾತನ್ನು ಅವನು ಮತ್ತೆ ಆಡಲಿಲ್ಲ. ಆದರೂ ಒಂದು ವಿಷಯ ಹೊಳೆದ ಮಾತ್ರಕ್ಕೆ ಸೆಮಿಸ್ಟರ್ ಪಾಸಾಗುವುದಿಲ್ಲ. 41 ಅಂಕದಿಂದ ಮೇಲೆ ಬರಲು ಸಮಯ ಸಾಲದು ಎಂದು ಅವನಿಗೂ ಗೊತ್ತಿತ್ತು.

ರೂಮಿನವರು ಎರಡು ಉಪಾಯ ಹೇಳಿದ್ದರು. ಒಂದು, ಸುಮ್ನೆ ಡೇಟಾಬೇಸ್ ಡ್ರಾಪ್ ಮಾಡು. ಇನ್ನೊಂದು, ಪೆಟ್ರೋಲ್ ಬಂಕಿನಲ್ಲಿ ಕ್ಯಾಶ್‌ಗೆ ಕೆಲಸ ಮಾಡಿ ಸಾಲ ತೀರಿಸು. ಎರಡನೆಯದಕ್ಕೆ ಖಡಾಖಂಡಿತವಾಗಿ ಬೇಡ ಎಂದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಅನುಮತಿ ಇಲ್ಲದೆ ಹೊರಗೆ ದುಡಿದರೆ ಓದು, ವೀಸಾ, ಸಾಲ ಮೂರೂ ಮುಳುಗುತ್ತವೆ.

ಡ್ರಾಪ್ ಮಾಡುವುದು ತಪ್ಪಲ್ಲ. ಆದರೆ ಯಾರನ್ನೂ ಕೇಳದೆ ಬಟನ್ ಒತ್ತುವುದು ತಪ್ಪು. ಅವನ ಕಾಲೇಜಿನಲ್ಲಿ ಒಂಬತ್ತು ಕ್ರೆಡಿಟ್ ಇದ್ದರೆ ಮಾತ್ರ ಪೂರ್ಣಾವಧಿ ವಿದ್ಯಾರ್ಥಿ. ಅದಕ್ಕಿಂತ ಇಳಿಯುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಸಿಗಬೇಕು, ಇಳಿದ ಮೇಲೆ ಅಲ್ಲ. ಹೊಸಬರಿಗೆ ಅಲ್ಲಿಯ ಪಾಠದ ರೀತಿ ಒಗ್ಗದೆ ಹೋದರೆ, ಅಥವಾ ತಕ್ಕದ್ದಲ್ಲದ ವಿಷಯಕ್ಕೆ ಸೇರಿದ್ದರೆ, ಕ್ರೆಡಿಟ್ ಕಡಿಮೆ ಮಾಡಲು ನಿಯಮದಲ್ಲೇ ಅವಕಾಶವಿದೆ. ಆಗಲೂ ಅರ್ಧದಷ್ಟಾದರೂ ಕ್ರೆಡಿಟ್ ಉಳಿಯಬೇಕು, ಮುಂದಿನ ಸೆಮಿಸ್ಟರ್‌ಗೆ ಮತ್ತೆ ಪೂರ್ತಿ ತೆಗೆದುಕೊಳ್ಳಬೇಕು, ಮತ್ತು ಎಂಎಸ್ ಓದುವಾಗ ಈ ಕಾರಣಕ್ಕೆ ಇದು ಸಿಗುವುದು ಒಂದೇ ಸಲ. ಅನುಮತಿಯೊಂದಿಗೆ ಬಿಟ್ಟರೆ ಅಂಕಪಟ್ಟಿಯಲ್ಲಿ 'ಡಬ್ಲ್ಯೂ' ಎಂದು ಬರುತ್ತದೆ, ಸರಾಸರಿಗೆ ಸೇರುವುದಿಲ್ಲ. ಫೇಲಾದರೆ ಸೇರುತ್ತದೆ. ಅವನ ಕಾಲೇಜು ನಾಲ್ಕಕ್ಕೆ 3.0 ಸರಾಸರಿ ಕೇಳುತ್ತದೆ. ಮೂರರಲ್ಲಿ ಒಂದು 'ಎಫ್' ಬಂದರೆ ಅದು ಕನಸಿನ ಮಾತು.

ಕರೆ ಮುಗಿಯುವ ಮೊದಲೇ ಕಚೇರಿಗೆ ಮೇಲ್ ಬರೆಸಿದೆ. ಕ್ಷಮೆ ಕೇಳಿ ಕೇಳಿ ಅರ್ಧ ಪುಟ ಬರೆದಿದ್ದ. ಎಲ್ಲ ತೆಗೆಸಿ, ನನ್ನ ಹಿನ್ನೆಲೆ ಇದು, ಅಂಕ ಇದು, ವಿಷಯ ಬಿಡುವ ಕೊನೆಯ ದಿನದೊಳಗೆ ಭೇಟಿಯಾಗಬೇಕು ಎಂದು ನಾಲ್ಕು ಸಾಲು ಉಳಿಸಿದೆವು. ಪ್ರೊಫೆಸರ್ ವಿದ್ಯಾರ್ಥಿಗಳಿಗೆಂದೇ ಇಟ್ಟ ಸಮಯಕ್ಕೆ ಹೋಗಿ ಮಂಡಿ ಲೆಕ್ಕದ ಚಿತ್ರವನ್ನೇ ತೋರಿಸಿ ಎಂದೆ. ಇವನು ಅಲ್ಲಿಯವರೆಗೆ ಒಮ್ಮೆಯೂ ಹೋಗಿರಲಿಲ್ಲ. ನಮ್ಮಲ್ಲಿ ಮೇಷ್ಟ್ರ ಕೋಣೆಗೆ ಹೋಗುವುದೆಂದರೆ ಬೈಸಿಕೊಳ್ಳಲು. ಅಲ್ಲಿ ಅನುಮಾನ ಕೇಳಲು ಹೋಗುತ್ತಾರೆ. ಕಾಲೇಜಿನ ಆಪ್ತಸಲಹಾ ಕೇಂದ್ರದಲ್ಲೂ ಹೆಸರು ಬರೆಸಿ ಎಂದೆ. ಎದುರಿಗೆ ಕೂತು ಮಾತಾಡುವವರು ಹತ್ತಿರವೇ ಇದ್ದರೆ ಒಳ್ಳೆಯದು.

ಉಳಿದದ್ದು ತಂದೆ. ಅವನೇ ಹೇಳಬೇಕೆಂದು ಒಪ್ಪಿಸಿದೆ, ಆದರೆ ಅಕ್ಕ ಪಕ್ಕದಲ್ಲಿರಲಿ, ವಿಡಿಯೊ ಆನ್ ಇರಲಿ, ಮೊದಲು ವಿಷಯ ಆಮೇಲೆ ವಿವರಣೆ ಎಂದೆ. ಮುಂದಿನ ಸಲ ಬಂದಾಗ ಆ ಮಾತುಕತೆ ಹೇಳಿದ. ತಂದೆ ಮೊದಲು ಕೇಳಿದ್ದು, "ಒಂದು ವಿಷಯ ಬಿಟ್ರೆ ಎಷ್ಟು ದುಡ್ಡು ಹೋಗುತ್ತೆ?" ಆ ವಿಷಯದ ಫೀಸು ಪೂರ್ತಿ ಹೋಗುತ್ತೆ, ಮರುಪಾವತಿಯ ದಿನ ದಾಟಿದೆ ಎಂದು ಇವನು ಮುಚ್ಚಿಡದೆ ಹೇಳಿದ್ದಾನೆ. ಅವರು ತುಸು ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ಅದಕ್ಕೆ ಇಷ್ಟು ದಿನ ಊಟ ಬಿಟ್ಟಿದ್ಯಾ?" ಅಂದರಂತೆ.

ಕಚೇರಿಯ ಅನುಮತಿ ಸಿಕ್ಕಿತು. ಎರಡು ವಿಷಯ ಪಾಸಾದ. ಈಗ ಎರಡನೇ ಸೆಮಿಸ್ಟರ್‌ನಲ್ಲಿ ಡೇಟಾಬೇಸ್ ಮತ್ತೆ ತೆಗೆದುಕೊಂಡಿದ್ದಾನೆ, ಕ್ಯಾಂಪಸ್ ಕ್ಯಾಂಟೀನ್ ಕೆಲಸದ ಬದಲು ಕಾಲೇಜಿನ ಐಟಿ ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ಬೆಂಗಳೂರಿನ ಸಪೋರ್ಟ್ ಅನುಭವವನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ ಎಂದು ಹೇಳಿದ್ದೇನೆ.