ಬಾಂಡ್‌ಗೆ ಸಹಿ ಹಾಕಿದ ಮೇಲೆ ಕೆಲಸ ಬೇಡವೆನ್ನಬಹುದೇ?

ಪ್ರಶ್ನೆ: ನಾನು ಈ ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದೇನೆ. ಕ್ಯಾಂಪಸ್ ಸಂದರ್ಶನದಲ್ಲಿ ಬೆಂಗಳೂರಿನ ಒಂದು ಖಾಸಗಿ ಕಂಪನಿಗೆ ಆಯ್ಕೆಯಾದಾಗ, ಎರಡು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ 2 ಲಕ್ಷ ರೂಪಾಯಿ ಕೊಡುತ್ತೇನೆ ಎಂದು ಛಾಪಾ ಕಾಗದದ ಮೇಲೆ ಬಾಂಡ್ ಬರೆದುಕೊಟ್ಟೆ. ತಂದೆಯವರು ಜಾಮೀನುದಾರರಾಗಿ ಸಹಿ ಹಾಕಿದ್ದಾರೆ. ನನ್ನ ಸಹಿಯಿರುವ ಒಂದು ಖಾಲಿ ಚೆಕ್ಕನ್ನೂ ಮೂಲ ಅಂಕಪಟ್ಟಿಗಳನ್ನೂ ಕಂಪನಿಯವರು ಇಟ್ಟುಕೊಂಡಿದ್ದಾರೆ. ಕೆಲಸಕ್ಕೆ ಹಾಜರಾಗಲು ಇನ್ನೂ ಮೂರು ವಾರವಿದೆ. ಈ ನಡುವೆ ಹುಬ್ಬಳ್ಳಿಯಲ್ಲಿ, ಮನೆಯಿಂದಲೇ ಓಡಾಡಬಹುದಾದ ಇನ್ನೊಂದು ಕೆಲಸಕ್ಕೆ ಆಯ್ಕೆಯಾಗಿರುವುದಾಗಿ ಫೋನಿನಲ್ಲಿ ತಿಳಿಸಿದ್ದಾರೆ. ತಾಯಿಯ ಆರೋಗ್ಯದ ದೃಷ್ಟಿಯಿಂದ ನನಗೆ ಇದೇ ಅನುಕೂಲ. ಮೊದಲ ಕಂಪನಿಯ ಎಚ್.ಆರ್. ವಿಭಾಗದವರು, ಬಾರದಿದ್ದರೆ ಪೊಲೀಸ್ ಕೇಸು ಹಾಕುತ್ತೇವೆ ಎನ್ನುತ್ತಿದ್ದಾರೆ. ನಾನು ಏನು ಮಾಡಲಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಪೊಲೀಸರ ಭಯವನ್ನು ಬಿಡಿ. ಕೆಲಸಕ್ಕೆ ಬರುತ್ತೇನೆಂದು ಒಪ್ಪಿ, ನಿಜವಾದ ಕಾರಣದಿಂದ ಆಮೇಲೆ ಬಾರದಿರುವುದು ಅಪರಾಧವಲ್ಲ. ಅದು ಒಪ್ಪಂದದ ಉಲ್ಲಂಘನೆ, ಅಂದರೆ ಸಿವಿಲ್ ವ್ಯಾಜ್ಯದ ವಿಷಯ. ನಿಮ್ಮನ್ನು ಬಲವಂತವಾಗಿ ಕೆಲಸಕ್ಕೆ ಕೂರಿಸುವ ಆದೇಶವನ್ನೂ ಯಾವ ನ್ಯಾಯಾಲಯವೂ ಕೊಡುವುದಿಲ್ಲ. ವ್ಯಕ್ತಿಯ ಸ್ವಂತ ಅರ್ಹತೆಯನ್ನು ಅವಲಂಬಿಸಿದ ಸೇವಾ ಒಪ್ಪಂದಗಳನ್ನು ಹಾಗೆ ಜಾರಿಗೊಳಿಸಲಾಗದು ಎಂಬ ನಿಯಮ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿಯೇ ಇದೆ. ಆದ್ದರಿಂದ ಉಳಿಯುವುದು ಹಣದ ಪ್ರಶ್ನೆ.

ಬಾಂಡ್‌ನಲ್ಲಿ 2 ಲಕ್ಷ ಎಂದು ಬರೆದಿರುವುದರಿಂದ ಅಷ್ಟನ್ನೂ ಕೊಡಲೇಬೇಕು ಎಂದು ಬಹಳ ಜನ ತಿಳಿದಿದ್ದಾರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರವನ್ನು ಮಾತ್ರ. ಒಪ್ಪಂದದಲ್ಲಿ ನಮೂದಾದ ಮೊತ್ತ ಆ ಪರಿಹಾರದ ಮೇಲ್ಮಿತಿ. ನಷ್ಟವೇ ಆಗದಿದ್ದಲ್ಲಿ ಪರಿಹಾರವನ್ನು ಕೇಳುವಂತಿಲ್ಲ ಎಂದು 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಿಮಗೆ ಕಂಪನಿ ಇನ್ನೂ ಒಂದು ದಿನದ ತರಬೇತಿಯನ್ನೂ ಕೊಟ್ಟಿಲ್ಲ, ಒಂದು ತಿಂಗಳ ಸಂಬಳವನ್ನೂ ಕೊಟ್ಟಿಲ್ಲ. ನಿಮ್ಮ ಪರವಾಗಿರುವ ಅತಿ ದೊಡ್ಡ ಅಂಶ ಇದೇ. ಜೊತೆಗೆ ಬಾಂಡ್‌ನ ಪ್ರತಿಯನ್ನು ತೆಗೆದು, ಎರಡು ವರ್ಷದ ಅವಧಿ ಎಂದಿನಿಂದ ಆರಂಭವಾಗುತ್ತದೆ ಎಂಬ ಸಾಲನ್ನು ನಿಧಾನವಾಗಿ ಓದಿ. ‘ಕೆಲಸಕ್ಕೆ ಹಾಜರಾದ ದಿನದಿಂದ’ ಎಂದಿದ್ದರೆ ಷರತ್ತು ಇನ್ನೂ ಜಾರಿಗೇ ಬಂದಿಲ್ಲ ಎಂದು ವಾದಿಸಲು ಅವಕಾಶವಿದೆ; ‘ಸಹಿ ಹಾಕಿದ ದಿನದಿಂದ’ ಎಂದಿದ್ದರೆ ಆ ವಾದ ದುರ್ಬಲವಾಗುತ್ತದೆ.

ಹಾಗೆಂದು ಬಾಂಡ್‌ಗಳಿಗೆಲ್ಲ ಬೆಲೆಯಿಲ್ಲ ಎಂದು ಸ್ನೇಹಿತರು ಹೇಳಿದರೆ ನಂಬಬೇಡಿ. ನಮ್ಮ ಕರಾವಳಿಯಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ ವಿಲೀನವಾದ ವಿಜಯ ಬ್ಯಾಂಕಿನಲ್ಲಿ ಅಧಿಕಾರಿಯೊಬ್ಬರು ಮೂರು ವರ್ಷದ ಸೇವೆ ಅಥವಾ 2 ಲಕ್ಷ ರೂಪಾಯಿ ಎಂಬ ಷರತ್ತಿಗೆ ಒಪ್ಪಿ ಸೇರಿದ್ದರು. ಅವಧಿಗೆ ಮುನ್ನವೇ 2009ರಲ್ಲಿ ರಾಜೀನಾಮೆ ಕೊಟ್ಟು, ಆಕ್ಷೇಪಣೆಯೊಂದಿಗೆ ಹಣ ಕಟ್ಟಿ, ಅದನ್ನು ಮರಳಿ ಪಡೆಯಲು ಹೋರಾಡಿದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿರಿಸಿ ಷರತ್ತನ್ನು ಎತ್ತಿಹಿಡಿಯಿತು. ಅಲ್ಲಿ ಉದ್ಯೋಗಿ ಸೇರಿ ಕೆಲಸ ಮಾಡಿದ್ದರು, ಹುದ್ದೆ ಹಿರಿಯ ಶ್ರೇಣಿಯದಾಗಿತ್ತು, ಸಾರ್ವಜನಿಕ ಬ್ಯಾಂಕು ಮತ್ತೆ ಜಾಹೀರಾತು ಕೊಟ್ಟು, ಆಯ್ಕೆ ಪ್ರಕ್ರಿಯೆ ನಡೆಸಿಯೇ ಆ ಜಾಗವನ್ನು ತುಂಬಬೇಕಿತ್ತು. ನಿಮ್ಮ ಸ್ಥಿತಿ ಹಾಗಿಲ್ಲ. ಆದರೂ ಕನಿಷ್ಠ ಸೇವಾವಧಿಯ ಷರತ್ತು ತನ್ನಷ್ಟಕ್ಕೆ ಕಾನೂನುಬಾಹಿರವಲ್ಲ ಎಂಬುದನ್ನು ಈ ತೀರ್ಪಿನಿಂದ ತಿಳಿಯಬೇಕು.

ನನಗೆ ನಿಜವಾಗಿ ಆತಂಕವಾಗಿರುವುದು ಆ ಖಾಲಿ ಚೆಕ್ಕಿನ ಬಗ್ಗೆ. ಸಹಿ ಮಾಡಿದ ಖಾಲಿ ಚೆಕ್ಕನ್ನು ಬೇರೊಬ್ಬರು ತುಂಬಿದರೂ ಅದು ಸಾಲದ ಪಾವತಿಗೇ ಕೊಟ್ಟದ್ದೆಂದು ನ್ಯಾಯಾಲಯ ಮೊದಲಿಗೆ ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಅವರು ಅದನ್ನು ಬ್ಯಾಂಕಿಗೆ ಹಾಕಿ ಅದು ಬೌನ್ಸ್ ಆದರೆ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ಖಾಸಗಿ ದೂರು, ಅಂದರೆ ಪೊಲೀಸರ ಮೂಲಕವಲ್ಲದೆ ನೇರವಾಗಿ ನ್ಯಾಯಾಲಯದಲ್ಲಿ ಕ್ರಿಮಿನಲ್ ದೂರು, ಹೂಡಲು ದಾರಿಯಾಗುತ್ತದೆ. ಬ್ಯಾಂಕಿಗೆ ಹೇಳಿ ಪಾವತಿಯನ್ನು ತಡೆಸಿದ ಮಾತ್ರಕ್ಕೆ ಇದರಿಂದ ಬಿಡುಗಡೆ ಸಿಗದು. ಬೌನ್ಸ್ ಆದ ಚೆಕ್ಕಿನ ಹಣ ಕೇಳಿ ಕಂಪನಿಯಿಂದ ನೋಟಿಸ್ ಬಂದರೆ, ಹಣ ಕಟ್ಟಲು ನಿಮಗಿರುವುದು 15 ದಿನ. ನೋಟಿಸನ್ನು ಮೇಜಿನ ಮೇಲೆ ಬಿಡದೆ ವಕೀಲರ ಮೂಲಕ ಉತ್ತರ ಕೊಡಿಸಿ. ಜಾಮೀನುದಾರರ ಹೊಣೆಯೂ ನಿಮ್ಮ ಹೊಣೆಯಷ್ಟೇ ಇರುವುದರಿಂದ ಇಡೀ ಸಂಗತಿಯನ್ನು ತಂದೆಯವರಿಗೆ ಇಂದೇ ತಿಳಿಸಿ. ಮನೆಯ ಬಾಗಿಲಿಗೆ ನೋಟಿಸ್ ಬಂದಾಗ ಅವರಿಗೆ ಮೊದಲ ಬಾರಿಗೆ ವಿಷಯ ಗೊತ್ತಾಗುವಂತೆ ಆಗಬಾರದು.

ಮೌನವಾಗಿ ಹಾಜರಾಗದೆ ಉಳಿಯುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಮೂರು ವಾರ ಮೊದಲೇ ತಿಳಿಸಿದರೆ ಕಂಪನಿ ಇನ್ನೊಬ್ಬರನ್ನು ಕರೆಯಬಹುದು, ಆ ಜಾಗಕ್ಕಾಗಿ ಕಾಯುತ್ತಿರುವ ಯಾರಿಗೋ ಅನ್ನ ಸಿಗುತ್ತದೆ, ಕಂಪನಿ ತೋರಿಸಬಹುದಾದ ನಷ್ಟವೂ ಕಡಿಮೆಯಾಗುತ್ತದೆ. ಕಾರಣವನ್ನು ವಿನಯದಿಂದ ಹೇಳಿ, ತರಬೇತಿಯಾಗಲೀ ಸಂಬಳವಾಗಲೀ ಪಡೆದಿಲ್ಲವೆಂದು ನಮೂದಿಸಿ, ಚೆಕ್ಕನ್ನು ಭದ್ರತೆಗಾಗಿ ಮಾತ್ರ ಕೊಟ್ಟಿದ್ದೆಂದು ಅದರ ಸಂಖ್ಯೆಯ ಸಮೇತ ಬರೆದು, ಅದನ್ನೂ ಅಂಕಪಟ್ಟಿಗಳನ್ನೂ ಹಿಂತಿರುಗಿಸಲು ಕೋರಿ. ಪತ್ರವನ್ನು ಇ-ಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳುಹಿಸಿ, ರಸೀತಿಯನ್ನು ಜೋಪಾನವಾಗಿಡಿ. ನಡೆದ ಖರ್ಚಿಗೆ ಅವರು ಲೆಕ್ಕ ಸಹಿತ ಸಣ್ಣ ಮೊತ್ತ ಕೇಳಿದರೆ, ಅದನ್ನು ಕೊಟ್ಟು ಬಾಂಡ್ ರದ್ದಾಯಿತೆಂದು ಬರೆಸಿಕೊಳ್ಳುವುದೇ ನನ್ನ ದೃಷ್ಟಿಯಲ್ಲಿ ಮೇಲು. ಒಪ್ಪಂದ ಮುರಿದ ದಿನದಿಂದ ಮೂರು ವರ್ಷದವರೆಗೆ ಅವರು ದಾವೆ ಹೂಡಬಹುದು, ಅಷ್ಟು ಕಾಲ ಆ ಭಾರವನ್ನು ಹೊತ್ತು ತಿರುಗುವುದು ಬೇಡ.

ಒಂದು ಮಾತು ಬಾಕಿಯಿದೆ. ಹುಬ್ಬಳ್ಳಿಯ ಕಂಪನಿ ಸದ್ಯಕ್ಕೆ ಫೋನಿನಲ್ಲಷ್ಟೇ ಹೇಳಿದೆ. ಅವರ ನೇಮಕಾತಿ ಪತ್ರ ನಿಮ್ಮ ಕೈಸೇರಿ, ಅದರಲ್ಲಿ ಇಂಥದೇ ಬಾಂಡ್ ಇಲ್ಲವೆಂದು ಓದಿ ಖಚಿತಪಡಿಸಿಕೊಂಡ ಮೇಲೆ, ಅದೇ ದಿನ ಮೊದಲ ಕಂಪನಿಗೆ ಬರೆದ ಪತ್ರವನ್ನು ಅಂಚೆಗೆ ಹಾಕಿ.