ದಪ್ಪ ದುಂಡು ಫಾಂಟ್ ಎಲ್ಲಿಗೆ ಸರಿ?

ಪ್ರಶ್ನೆ: ಮಕ್ಕಳ ಕಥೆ ಪುಸ್ತಕವೊಂದರ ಪುಟ ವಿನ್ಯಾಸ ಮಾಡುತ್ತಿದ್ದೇನೆ. ಪುಸ್ತಕದ ಹೆಸರಿಗೆ ಬಾಲೂ ತಮ್ಮ ಅನ್ನೋ ದಪ್ಪ ದುಂಡು ಫಾಂಟ್ ಹಾಕಿದೆ, ಚೆನ್ನಾಗಿ ಬಂತು. ಒಳಗಿನ ಕಥೆಗೂ ಅದನ್ನೇ 12 ಪಾಯಿಂಟ್‌ನಲ್ಲಿ ಹಾಕಿದರೆ ಪುಟವೆಲ್ಲ ಕಪ್ಪಗೆ ಕಾಣುತ್ತದೆ. ಏನು ಮಾಡಲಿ?

ಉತ್ತರ: ಕಥೆಗೆ ಬೇರೆ ಫಾಂಟ್ ಹಾಕಿ. ಬಾಲೂ ಚೆಂದದ ಫಾಂಟೇ, ಆದರೆ ಅದು ದೊಡ್ಡ ಅಳತೆಯಲ್ಲಿ, ನಾಲ್ಕೈದು ಪದಗಳಿಗೆ ಅಂತ ಮಾಡಿದ್ದು. ಏಕ್ ಟೈಪ್ ತಂಡದವರು ಭಾರತದ ಹಲವು ಲಿಪಿಗಳಿಗೆ ಇದನ್ನು ಮಾಡಿದರು, ನಮ್ಮ ಕನ್ನಡದ್ದಕ್ಕೆ 'ತಮ್ಮ' ಅಂತ ಹೆಸರು, ಮಲಯಾಳದ್ದಕ್ಕೆ 'ಚೇಟ್ಟನ್', ಅಂದರೆ ಅಣ್ಣ, ಎಷ್ಟು ಮುದ್ದಾಗಿದೆ ಅಲ್ವಾ!

ಕಪ್ಪಗೆ ಕಾಣೋದು ಯಾಕೆ ಅಂದರೆ, ಕನ್ನಡ ಅಕ್ಷರ ಮೊದಲೇ ದುಂಡಗೆ, ಒಳಗೆ ಸುರುಳಿ ಜಾಸ್ತಿ. ಗೆರೆ ದಪ್ಪ ಆದಷ್ಟೂ ಒಳಗಿನ ಬಿಳಿ ಜಾಗ ಮುಚ್ಚಿಕೊಳ್ಳುತ್ತದೆ. 'ದ'ಗೂ 'ಧ'ಗೂ, 'ಡ'ಗೂ 'ಢ'ಗೂ ಇರೋ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಅಷ್ಟೇ, 48 ಪಾಯಿಂಟ್‌ನಲ್ಲಿ ಅದು ಸಲೀಸಾಗಿ ಕಾಣುತ್ತದೆ, 12ರಲ್ಲಿ ಮಸಿ ಹರಡಿದರೆ ಹೋಯಿತು. ದೊಡ್ಡವರು ಅಂದಾಜಿನಲ್ಲಿ ಓದಿಕೊಳ್ಳುತ್ತಾರೆ. ಈಗಷ್ಟೇ ಅಕ್ಷರ ಕಲಿತ ಮಗು ಒಂದೊಂದನ್ನೂ ನೋಡಿ ಗುರುತಿಸಬೇಕು. ಅದಕ್ಕೆ ನಾವು ಕಷ್ಟ ಕೊಡಬಾರದು. ಹೆಸರು, ಅಧ್ಯಾಯದ ತಲೆಬರಹ, ಚಿತ್ರದ ಪಕ್ಕ ಒಂದು 'ಢಂ' — ಇಷ್ಟಕ್ಕೆ ಇದನ್ನು ಇಟ್ಟುಕೊಳ್ಳಿ, ಕಥೆಗೆ ಸಪೂರ ಗೆರೆಯ ಸರಳ ಫಾಂಟ್ ಆರಿಸಿ, ಅಳತೆಯನ್ನೂ ಸ್ವಲ್ಪ ಹೆಚ್ಚಿಸಿ.

ಎರಡೂ ಕಡೆ ಒಂದೇ ಕುಟುಂಬದ ಫಾಂಟ್ ಇರಲೇಬೇಕು ಅಂದರೆ ಬಾಲೂ ತಮ್ಮ 2 ನೋಡಿ. ಹಳೆಯದರಲ್ಲಿ ಒಂದೇ ದಪ್ಪ ಇತ್ತು, ಇದರಲ್ಲಿ 400ರಿಂದ 800ರವರೆಗೆ ಐದು ಇವೆ (ಸಂಖ್ಯೆ ಹೆಚ್ಚಿದಷ್ಟೂ ಗೆರೆ ದಪ್ಪ). 400 ಪರವಾಗಿಲ್ಲ. ಆದರೂ ಉದ್ದದ ಕಥೆಗೆ ನಾನು ಅದನ್ನು ಹಾಕುವುದಿಲ್ಲ.

ಪ್ರಶ್ನೆ: ಪೋಸ್ಟರ್‌ಗೆ ಇನ್ನೂ ದಪ್ಪ ಬೇಕು ಅಂತ ಬೋಲ್ಡ್ ಬಟನ್ ಒತ್ತಿದರೆ ಅಕ್ಷರ ಕಲಸಿ ಹೋಗುತ್ತದೆ. ಎರಡು ಸಾಲು ಬರೆದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.

ಉತ್ತರ: ಬೋಲ್ಡ್ ಬಟನ್ ಒತ್ತಲೇಬೇಡಿ. ನೀವು ಹಾಕಿದ ಫಾಂಟ್‌ನಲ್ಲಿ ನಿಜವಾದ ಬೋಲ್ಡ್ ಇಲ್ಲದಿದ್ದರೆ ಸಾಫ್ಟ್‌ವೇರ್ ಸುಮ್ನೆ ಸುತ್ತಲೂ ಗೆರೆ ಉಬ್ಬಿಸುತ್ತದೆ, ವಿನ್ಯಾಸಕರು ಲೆಕ್ಕ ಹಾಕಿ ಬಿಟ್ಟ ಜಾಗವೆಲ್ಲ ತುಂಬಿಹೋಗುತ್ತದೆ. ಎದ್ದು ಕಾಣಬೇಕಾದರೆ ಅಳತೆ ದೊಡ್ಡದು ಮಾಡಿ, ಪದ ಕಡಿಮೆ ಮಾಡಿ, ಸುತ್ತ ಖಾಲಿ ಜಾಗ ಬಿಡಿ.

ಇಂಗ್ಲಿಷ್ ಪೋಸ್ಟರ್ ನೋಡಿ ಸಾಲುಗಳನ್ನು ಒತ್ತೊತ್ತಾಗಿ ಇಡೋ ಅಭ್ಯಾಸ ಬಂದಿದೆ. ಅವರ ದೊಡ್ಡಕ್ಷರಗಳಿಗೆ ಕೆಳಗೆ ಹೆಚ್ಚೂಕಡಿಮೆ ಏನೂ ಇಳಿಯುವುದಿಲ್ಲ, ನಮಗೆ 'ಸ್ತ್ರೀ' ಅಂತ ಒಂದು ಪದ ಬಂದರೆ ಸಾಕು, ಕೆಳಗೆ ಎರಡು ಒತ್ತು ನೇತಾಡುತ್ತವೆ. ಅಕ್ಷರದ ಅಳತೆಯ ಒಂದೂವರೆ ಪಟ್ಟು ಸಾಲಿನ ಅಂತರದಿಂದ ಶುರು ಮಾಡಿ, ಆಮೇಲೆ ಕಣ್ಣಳತೆಯಲ್ಲಿ ಕಡಿಮೆ ಮಾಡುತ್ತಾ ಬನ್ನಿ. ಮೇಲಿನ ಸಾಲಿನಲ್ಲಿ ಒತ್ತಕ್ಷರ ಇಲ್ಲದ ಹಾಗೆ ಸಾಲು ಮುರಿಯಲು ಆದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮಾರಾಟದ ಪುಸ್ತಕದಲ್ಲಿ ಬಾಲೂ ಬಳಸಬಹುದಾ?

ಉತ್ತರ: ಧಾರಾಳವಾಗಿ. ಬಾಲೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದೆ. ಮುದ್ರಿಸಿ ಮಾರಲು ದುಡ್ಡೂ ಬೇಡ, ಅನುಮತಿಯೂ ಬೇಡ. ಫಾಂಟ್ ಫೈಲನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ, ಅಷ್ಟೇ.