ಆನ್‌ಲೈನ್‌ನಲ್ಲಿ ತರಿಸಿದ ಹಳೇ ಪ್ರೊಸೆಸರ್‌ನ ಪಿನ್ ಬಾಗಿದೆ. ವಾಪಸ್ ಕಳಿಸಲಾ, ನಾನೇ ಸರಿ ಮಾಡಿಕೊಳ್ಳಲಾ?

ಸಿಂಧನೂರಿನಿಂದ ನೀವು ಕೇಳಿರುವುದು ಇಷ್ಟು: ಸೆಕೆಂಡ್ ಹ್ಯಾಂಡ್ ರೈಜೆನ್ 5 3600 (ಎಎಂಡಿ ಕಂಪನಿಯ ಪ್ರೊಸೆಸರ್) ತರಿಸಿದ್ದೀರಿ. ಒಂದು ಮೂಲೆಯಲ್ಲಿ ನಾಲ್ಕೈದು ಪಿನ್ ಬಾಗಿವೆ, ಒಂದು ಮುರಿದ ಹಾಗಿದೆ. ಮಾರಿದವರು ಕೊರಿಯರ್‌ನವರ ಮೇಲೆ ಹಾಕುತ್ತಿದ್ದಾರೆ.

ಮೊದಲು ಅದನ್ನು ಮುಟ್ಟಬೇಡಿ. ಫೋಟೋ ತೆಗೆಯಿರಿ. ಮೇಲಿನಿಂದ ಒಂದು, ನಾಲ್ಕು ಬದಿಯಿಂದ ಒಂದೊಂದು, ಬಂದ ಡಬ್ಬದ್ದು, ಒಳಗಿನ ಪ್ಯಾಕಿಂಗ್‌ದು, ಅಡ್ರೆಸ್ ಚೀಟಿಯದು. ಒಂದೇ ಒಂದು ಪಿನ್ ನೀವು ನೇರ ಮಾಡಿದರೂ ಸಾಕು, "ನೀವೇ ಕೆಡಿಸಿದ್ದೀರಿ" ಅನ್ನೋಕೆ ಅವರಿಗೆ ದಾರಿ ಸಿಕ್ಕಿಬಿಡುತ್ತದೆ. ದುಡ್ಡಿನ ಮಾತು ಮುಗಿಯೋವರೆಗೂ ಸೂಜಿ, ಪೆನ್ಸಿಲ್ ಯಾವುದೂ ಬೇಡ.

ನಾನು ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಗಿರಾಕಿಗಳು ಜಾಸ್ತಿ ಫ್ಲೆಕ್ಸ್ ಪ್ರಿಂಟಿಂಗ್‌ನವರು, ಜೀನ್ಸ್ ಯೂನಿಟ್‌ನವರು. ಹೊಸದಕ್ಕೆ ದುಡ್ಡು ಹಾಕೋಕೆ ಮನಸ್ಸು ಬರಲ್ಲ, ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡ್‌ವರೆಗೂ ಹೋಗೋಕೆ ಪುರುಸೊತ್ತಿರಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ಹಳೇದು ತರಿಸಿ ನನ್ನ ಟೇಬಲ್ ಮೇಲೆ ಇಡುತ್ತಾರೆ.

ಕೊರಿಯರ್‌ನವರ ತಪ್ಪು ಅನ್ನೋ ಮಾತನ್ನು ನಾನು ಸುಲಭಕ್ಕೆ ನಂಬಲ್ಲ. ಪ್ರೊಸೆಸರ್‌ಗೆ ಅಂತಲೇ ಬರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದರೆ ಡಬ್ಬ ಎತ್ತಿ ಎಸೆದರೂ ಪಿನ್ ಬಾಗುವುದು ಅಪರೂಪ. ಬಬಲ್ ಶೀಟ್‌ನಲ್ಲೋ ನ್ಯೂಸ್‌ಪೇಪರ್‌ನಲ್ಲೋ ಸುತ್ತಿ ಕಳಿಸಿದ್ದರೆ ಅದು ಪ್ಯಾಕ್ ಮಾಡಿದವರ ತಪ್ಪು. ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ವರ್ಷಗಟ್ಟಲೆ ಓಡಿದ ಮಿಷನ್‌ನಲ್ಲಿ ಪ್ರೊಸೆಸರ್‌ಗೂ ಅದನ್ನು ತಣ್ಣಗಿಡುವ ಕೂಲರ್‌ಗೂ ಮಧ್ಯೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಗೋಂದಿನ ಹಾಗೆ ಹಿಡಿದುಕೊಂಡಿರುತ್ತದೆ. ಕೂಲರ್‌ನ್ನು ನೇರವಾಗಿ ಮೇಲಕ್ಕೆ ಕಿತ್ತರೆ ಲಿವರ್ ಲಾಕ್ ಇದ್ದರೂ ಪ್ರೊಸೆಸರ್ ಅದರ ಜೊತೆಗೇ ಎದ್ದು ಬರುತ್ತದೆ. ಎಎಂ4 ಸಾಕೆಟ್‌ನಲ್ಲಿ, ಅಂದರೆ ಬೋರ್ಡ್ ಮೇಲೆ ನಿಮ್ಮ ಪ್ರೊಸೆಸರ್ ಕೂರುವ ಜಾಗದಲ್ಲಿ, ಇದು ಮಾಮೂಲು. ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರ್‌ನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಬೇಕು. ಬಹಳ ಜನ ಆ ತಾಳ್ಮೆ ತೋರಲ್ಲ. ನಿಮ್ಮದರಲ್ಲಿ ಒಂದೇ ಮೂಲೆ ಹಾಳಾಗಿರುವುದು ನೋಡಿದರೆ, ಎಲ್ಲೋ ಕೈಜಾರಿ ಬಿದ್ದಿರುವ ಸಾಧ್ಯತೆಯೂ ಇದೆ.

ವಾಪಸ್ ತಗೊಳ್ಳುತ್ತಾರಾ? ಹಾಗಿದ್ದರೆ ಕಳಿಸಿಬಿಡಿ. ಒಂದು ಪಿನ್ ಮುರಿದಿದೆ ಅನ್ನೋದೇ ಸಾಕು. ಮಾರಿದವರು ವ್ಯಾಪಾರ ಮಾಡುವವರಾಗಿದ್ದು ತಕರಾರು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಯಾರೋ ಮನೆಯವರು ತಮ್ಮ ಹಳೇದನ್ನು ಮಾರಿದ್ದರೆ ಗ್ರಾಹಕ ಕಾನೂನು ಅಷ್ಟಾಗಿ ಕೈಹಿಡಿಯಲ್ಲ, ಚೌಕಾಸಿಯೇ ಗತಿ. ಅರ್ಧ ದುಡ್ಡು ವಾಪಸ್ ಕೊಟ್ಟರೆ ಇಟ್ಟುಕೊಂಡು ನೋಡಬಹುದು.

ಇಟ್ಟುಕೊಳ್ಳುವುದಾದರೆ ಈಗ ಕೆಲಸಕ್ಕೆ ಬರೋಣ. ಎಎಂ4 ಪ್ರೊಸೆಸರ್‌ನಲ್ಲಿ 1331 ಪಿನ್ ಇವೆ. ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ಮೊಬೈಲ್ ಟಾರ್ಚ್ ಬಿಡಿ. ನಿಮ್ಮೂರ ಗದ್ದೆಯಲ್ಲಿ ನಾಟಿ ಮಾಡಿದ ಸಾಲಿನ ಹಾಗೆ ಸಾಲು ಸಾಲು ಕಾಣುತ್ತದೆ. ಬಾಗಿದ ಪಿನ್ ಸಾಲು ತಪ್ಪಿ ನಿಂತಿರುತ್ತದೆ. ಉದ್ದಕ್ಕೆ ನೋಡಿ, ಅಡ್ಡಕ್ಕೆ ನೋಡಿ, ಮೂಲೆಯಿಂದಲೂ ನೋಡಿ. ಸೀಸ ತೆಗೆದ 0.5 ಎಂಎಂ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿಯನ್ನು ಪಿನ್‌ಗೆ ತೊಡಿಸಿ ಸ್ವಲ್ಪ ಸ್ವಲ್ಪವೇ ಎತ್ತಿ. ಪೂರ್ತಿ ಮಲಗಿದ್ದರೆ ಮೊದಲು ಸೂಜಿಯಿಂದ ಅರ್ಧ ಎಬ್ಬಿಸಿ. ಒಂದು ಸಲ ಎತ್ತಿದರೆ ತಡೆಯುತ್ತದೆ, ಆ ಕಡೆ ಈ ಕಡೆ ಆಡಿಸಿದರೆ ಬುಡದಲ್ಲೇ ಕಟ್ ಆಗುತ್ತದೆ. ಕೊನೆಗೆ ಸಾಕೆಟ್‌ಗೆ ಇಟ್ಟಾಗ ತನ್ನ ತೂಕಕ್ಕೇ ಇಳಿದು ಕೂರಬೇಕು. ಬೆರಳಿನಿಂದ ಒತ್ತುವ ಹಾಗಾದರೆ ಇನ್ನೂ ಯಾವುದೋ ಪಿನ್ ಸೊಟ್ಟ ಇದೆ ಅಂತ ಅರ್ಥ.

ಮುರಿದ ಪಿನ್ ವಿಷಯ ಬೇರೆ. ಯಾವ ಪಿನ್ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ತುಂಬಾ ಪಿನ್‌ಗಳು ಗ್ರೌಂಡ್‌ನವು, ಪವರ್‌ನವು. ಅದೇ ಕೆಲಸಕ್ಕೆ ಬೇರೆ ಎಷ್ಟೋ ಪಿನ್ ಇರುವುದರಿಂದ ಅಂಥದ್ದು ಒಂದು ಹೋದರೆ ಸಾಮಾನ್ಯವಾಗಿ ಗೊತ್ತೂ ಆಗಲ್ಲ. ಮೆಮೊರಿ ಚಾನೆಲ್‌ದು ಹೋದರೆ ಒಂದು ಕಡೆಯ ರ‍್ಯಾಮ್ ಸ್ಲಾಟ್ ಸತ್ತ ಹಾಗೆ. ರೈಜೆನ್‌ನಲ್ಲಿ ಗ್ರಾಫಿಕ್ಸ್ ಸ್ಲಾಟ್, ಎಸ್‌ಎಸ್‌ಡಿ ಹಾಕುವ ಒಂದು ಎಂ.2 ಸ್ಲಾಟ್, ಕೆಲವು ಯುಎಸ್‌ಬಿ ಎಲ್ಲಾ ನೇರ ಪ್ರೊಸೆಸರ್‌ನಿಂದಲೇ ಬರುತ್ತವೆ. ಆದ್ದರಿಂದ ವಿಂಡೋಸ್ ಆನ್ ಆಯಿತು ಅಂತ ಖುಷಿಪಟ್ಟು ಸುಮ್ನೆ ಕೂರಬೇಡಿ. ಎರಡೂ ಚಾನೆಲ್‌ಗೆ ರ‍್ಯಾಮ್ ಹಾಕಿ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಸಾಫ್ಟ್‌ವೇರ್ ಓಡಿಸಿ. ಪ್ರತಿ ಯುಎಸ್‌ಬಿಗೂ ಪೆನ್‌ಡ್ರೈವ್ ಚುಚ್ಚಿ ನೋಡಿ. ಪ್ರೊಸೆಸರ್ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ಹೆಸರು, 6 ಕೋರ್, 12 ಥ್ರೆಡ್ ಸರಿಯಾಗಿ ತೋರಿಸುತ್ತಾ ಅಂತಲೂ ನೋಡಿ. ಹಾಂ, 3600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದೆ ಡಿಸ್‌ಪ್ಲೇ ಬರಲಿಲ್ಲ ಅಂತ ಗಾಬರಿಯಾಗಬೇಡಿ.

ಮುರಿದಿದ್ದು ಬೇಕೇ ಬೇಕಾದ ಪಿನ್ ಆದರೆ ಮೊಬೈಲ್ ಬೋರ್ಡ್ ರಿಪೇರಿ ಮಾಡುವವರಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡವರನ್ನು ಹುಡುಕಿ. ಸತ್ತ ಪ್ರೊಸೆಸರ್‌ನಿಂದ ಒಂದು ಪಿನ್ ತೆಗೆದು ಬೆಸುಗೆ ಹಾಕುತ್ತಾರೆ. ಸಾಕೆಟ್ ತೂತಿಗೆ ತಾಮ್ರದ ಎಳೆ ತುರುಕುವ ವಿಡಿಯೋಗಳೂ ಇವೆ. ನಾನಂತೂ ಗಿರಾಕಿಯ ಬೋರ್ಡ್‌ನಲ್ಲಿ ಆ ಸಾಹಸ ಮಾಡಲ್ಲ. ಎಳೆ ಪಕ್ಕದ ಪಿನ್‌ಗೆ ತಾಗಿದರೆ ಬೋರ್ಡೂ ಹೋಗುತ್ತದೆ.

ಮೇಲಿನ ಲೋಹದ ಮುಚ್ಚಳದ ಗೀರುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಅವು ನೋಟಕ್ಕಷ್ಟೇ. ಹಸಿರು ಹಲಗೆಯ ಅಂಚು ಕಿತ್ತಿದ್ದರೆ ಮಾತ್ರ ಹುಷಾರು, ಒಳಗಿನ ಗೆರೆ ಕಟ್ ಆಗಿರಬಹುದು.

ಮುಂದೆ ಇಂಟೆಲ್ ತಗೊಂಡರೆ ಈ ಪಿನ್ ಗೋಳು ಪ್ರೊಸೆಸರ್‌ನಲ್ಲಿ ಇರಲ್ಲ, ಪಿನ್ ಇರುವುದು ಬೋರ್ಡ್‌ನಲ್ಲಿ. ಎಎಂಡಿಯವರೂ 2022ರ ಎಎಂ5ರಿಂದ ಹಾಗೇ ಮಾಡಿದ್ದಾರೆ. ಆದರೆ ಇಂಟೆಲ್ ಪ್ರೊಸೆಸರ್‌ನ ಹಿಂಬದಿ ಮಧ್ಯದಲ್ಲಿರುವ ಸಾಸಿವೆಗಿಂತ ಚಿಕ್ಕ ಕೆಪಾಸಿಟರ್‌ಗಳಲ್ಲಿ ಒಂದು ಉದುರಿದ್ದರೂ ಫೋಟೋದಲ್ಲಿ ಖಾಲಿ ಜಾಗ ಕಾಣುತ್ತದೆ. ಅದಕ್ಕೇ ದುಡ್ಡು ಕೊಡುವ ಮೊದಲು ಹಿಂಬದಿಯ ಫೋಟೋ ಕೇಳಿ. ಕೊಡಲ್ಲ ಅಂದರೆ ಬೇರೆ ಕಡೆ ನೋಡಿ. ಓಪನ್ ಬಾಕ್ಸ್ ಡೆಲಿವರಿ (ಡಬ್ಬ ಎದುರಿಗೇ ತೆರೆದು ತೋರಿಸುವುದು) ಇದ್ದರೆ ಪಿನ್ ನೋಡಿ ಆಮೇಲೆ ಓಟಿಪಿ ಹೇಳಿ.

ಸದ್ಯಕ್ಕೆ ನಿಮ್ಮ ಪ್ರೊಸೆಸರ್‌ನ ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನ ಕಾಣುವ ಹಾಗೆ ಹಿಂಬದಿಯ ಒಂದು ಫೋಟೋ ಇಲ್ಲಿ ಹಾಕಿ. ಅದರಿಂದ ಸಾಲು ಎಣಿಸಿದರೆ ಮುರಿದಿರುವುದು ಯಾವ ಪಿನ್ ಅಂತ ನಕ್ಷೆ ನೋಡಿ ಹೇಳಬಹುದು.